ಬಾಯಮ್ಮನ ಮೂರು ನೀರು

ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಡಾಕ್ಟರು ಎರಡು ಕಷ್ಟ ಹೇಳಿ ಕಳಿಸುತ್ತಾರೆ. ತಲೆಗೆ ನೀರು ಹಾಕುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ಮೂರನೆಯದೊಂದಿದೆ, ಅದನ್ನು ಅವರು ಹೇಳುವುದಿಲ್ಲ. ಕೆಲಸವಿಲ್ಲದೆ ಕೂತವರ ಮೂಗು ವಿಪರೀತ ಚುರುಕಾಗುತ್ತದೆ. ಮಣಿಪಾಲದಲ್ಲಿ ಅಕ್ಕನ ಮಗಳು ಸುಮಳ ಫ್ಲ್ಯಾಟಿನಲ್ಲಿ ಕಪ್ಪು ಕನ್ನಡಕ ಏರಿಸಿಕೊಂಡು, ಹಳೆಯ ಸಿನಿಮಾದ ಖಳನಾಯಕನಂತೆ ಸೋಫಾದಲ್ಲಿ ಕೂತು ನನಗೆ ಇಂದಿಗೆ ಒಂಬತ್ತು ದಿನ. ಕೆಳಗಿನ ಮಹಡಿಯವರು ಯಾವ ಮೀನು ಹುರಿಯುತ್ತಿದ್ದಾರೆ ಎಂದು ಈಗ ನಾನು ಕೂತಲ್ಲಿಂದಲೇ ಹೇಳಬಲ್ಲೆ.

ಇವತ್ತು ಬೆಳಿಗ್ಗೆ ಬಂದದ್ದು ಮೀನಿನ ವಾಸನೆಯಲ್ಲ. ಬಚ್ಚಲಿನ ಕಡೆಯಿಂದ ಬಂತು. ಸ್ವಲ್ಪ ಮಸಿಯ ಹಾಗೆ, ಸ್ವಲ್ಪ ಹಳಸಿದ ಗಂಜಿಯ ಹಾಗೆ. ಹೊಸ ಬಣ್ಣದ ಬಟ್ಟೆ ಮೊದಲ ಸಲ ನೀರು ಕುಡಿದಾಗ ಬರುವ ವಾಸನೆ. ನಾನು ಕೂಗಿ ಕೇಳಿದೆ.

"ಸುಮಾ, ಬಕೆಟಿನಲ್ಲಿ ಎಂತ ನೆನೆಸಿದ್ದಿ?"

"ಗೋದಡಿಗೆ ಬಟ್ಟೆ ಚಿಕ್ಕಮ್ಮ. ಮಗಳ ಹಳೆ ಫ್ರಾಕುಗಳೆಲ್ಲ ಉಂಟಲ್ಲ, ಅದರ ನಡುವೆ ಹಾಕ್ಲಿಕ್ಕೆ ಒಂದು ಕೆಂಪು ಹೊಸತು ತಂದೆ. ಮೊದಲೇ ನೆನೆಸಿ ನೋಡ್ಬೇಕಂತೆ, ಮೊಬೈಲಿನಲ್ಲಿ ಹೇಳಿದ್ರು. ಇಲ್ಲದಿದ್ರೆ ಕಾಪುವಿನ ಬಾಯಮ್ಮನ ಗೋದಡಿ ಆಗ್ತದೆ, ಅಲ್ವಾ?"

ಅಷ್ಟು ಹೇಳಿ ಅವಳು ನಕ್ಕಳು. ಯಾವಾಗಲೂ ನಗುವ ಹಾಗೆ ನಾನೂ ನಗಬೇಕಿತ್ತು, ಈ ಸಲ ಆಗಲಿಲ್ಲ.

ಕಾರ್ಕಳದ ಅಕ್ಕನ ಮನೆಯಲ್ಲಿ 'ಕಾಪುವಿನ ಬಾಯಮ್ಮನ ಗೋದಡಿ' ಎನ್ನುವುದು ಗಾದೆಯಾಗಿ ಹೋಗಿದೆ. ಗೋದಡಿಯೆಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದ ಕೌದಿ. ಬಣ್ಣ ಬಿಡುವ ಬಟ್ಟೆಗೆ ಮಾತ್ರವಲ್ಲ, ಒಂದೇ ಮಳೆಗೆ ಸೋರುವ ಕೊಡೆಗೆ, ಬರುತ್ತೇನೆಂದು ಹೇಳಿ ಬಾರದ ಬಡಗಿಗೆ, ಮೊದಲ ವಾರ ಚೆನ್ನಾಗಿ ಓಡಿ ಆಮೇಲೆ ಕೈಕೊಟ್ಟ ಮಿಕ್ಸಿಗೆ, ಎಲ್ಲದಕ್ಕೂ ಅದೇ ಹೆಸರು. ಶುರು ಮಾಡಿದ್ದು ಅಕ್ಕನ ಅತ್ತೆ. ಅವರು ಹೋದರೂ ಮಾತು ಉಳಿದಿದೆ. ಆ ಗೋದಡಿಯ ಮೇಲೆ ಮಲಗಿದ್ದ ಮೂರು ತಿಂಗಳ ಮಗು ಇದೇ ಸುಮ. ಅವಳ ತಲೆಗೂದಲು ಈಗ ನೆರೆತಿದೆ. ಅಷ್ಟು ವರ್ಷ ನಾನು ಆ ಗಾದೆ ಕೇಳಿ ನಗುತ್ತಲೇ ಬಂದಿದ್ದೇನೆ. ಯಾಕೆ ನಗಬಾರದಿತ್ತು ಎಂದು ನಿಮಗೆ ಹೇಳುತ್ತೇನೆ, ಹೇಗೂ ತಲೆಗೆ ನೀರು ಹಾಕುವುದಕ್ಕೂ ಬಗ್ಗುವುದಕ್ಕೂ ನನಗೆ ಅಪ್ಪಣೆಯಿಲ್ಲ.

ಎಂಬತ್ತರ ಆಸುಪಾಸಿನ ಮಾತು. ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಗೂ ಸಮುದ್ರಕ್ಕೂ ನಡುವೆ. ಅಪ್ಪ ಬಸ್ಸು ನಿಲ್ಲುವಲ್ಲಿ ಏಜೆಂಟರಾಗಿದ್ದರು. ಬಿಳಿ ಮುಂಡು ಉಟ್ಟು, ಸೀಟಿ ಊದಿ, ಉಡುಪಿ ಕಡೆಯ ಬಸ್ಸನ್ನೂ ಮಂಗಳೂರು ಕಡೆಯ ಬಸ್ಸನ್ನೂ ತಾವೇ ಹೆತ್ತವರ ಹಾಗೆ ಗದರಿಸುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಎರಡು ಮುಂಡುಗಳನ್ನು ಅಮ್ಮ ಟ್ರಂಕಿನಲ್ಲಿ ಇಟ್ಟಿದ್ದರು. ಅಕ್ಕ ಚೊಚ್ಚಲ ಬಾಣಂತನಕ್ಕೆ ಕಾರ್ಕಳದಿಂದ ಬಂದು ಹೆಣ್ಣುಮಗು ಹೆತ್ತಾಗ, ಅದರಲ್ಲಿ ಒಂದನ್ನು ಹೊರಗೆ ತೆಗೆದರು.

"ಮಗು ಅಜ್ಜನ ಮಡಿಲಲ್ಲಿ ಮಲಗಲಿಲ್ಲ. ಮುಂಡಿನ ಮೇಲಾದರೂ ಮಲಗಲಿ" ಎಂದರು.

ಬಾಣಂತಿ ಮಗುವಿನೊಂದಿಗೆ ಗಂಡನ ಮನೆಗೆ ಹೋಗುವಾಗ ತೊಟ್ಟಿಲಿನ ಜೊತೆ ಗೋದಡಿಯೂ ಹೋಗಬೇಕು. ಅದಕ್ಕೆ ಹಳೆಯ ಬಟ್ಟೆಯೇ ಆಗಬೇಕು, ಮತ್ತು ನೆರೆಕರೆಯ ಮನೆಗಳದ್ದೂ ಒಂದೊಂದು ತುಂಡು ಇರಬೇಕು. ನಾಲ್ಕು ಮನೆಯ ಬಟ್ಟೆಯಲ್ಲಿ ಮಲಗಿದ ಮಗುವಿಗೆ ದೃಷ್ಟಿ ತಾಗುವುದಿಲ್ಲ ಎಂದು ನಂಬಿಕೆ. ಹೊಲಿಯುವವರು ಸಿಸಿಲಿ ಬಾಯಮ್ಮ, ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಹಾಗೆ ಕರೆಯುವುದು. ನಮ್ಮ ಓಣಿಯ ಕೊನೆಯ ಮನೆ. ಗಂಡ ಇಲ್ಲ, ಮಗಳು ಮದುವೆಯಾಗಿ ಮುಂಬಯಿಯಲ್ಲಿ. ಕಿಟಕಿಯ ಕೆಳಗೆ ಚಾಪೆ ಹಾಸಿ, ಹಳೆ ಸೀರೆಗಳನ್ನು ಒಂದರ ಮೇಲೊಂದು ಹರಡಿ, ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೂಜಿ ನಿಲ್ಲಿಸುವರು. ಕತ್ತರಿ ಪಕ್ಕದಲ್ಲೇ ಇದ್ದರೂ ನೂಲನ್ನು ಬಟ್ಟೆಯ ಬುಡದಲ್ಲಿ ಹಲ್ಲಿನಿಂದಲೇ ಕಡಿಯುವರು. ಉಚ್ಚಿಲದಿಂದ ಸಂತೆಕಟ್ಟೆಯವರೆಗೆ ಅವರ ಗೋದಡಿ ಇಲ್ಲದ ಬಾಣಂತಿ ಕೋಣೆ ಇರಲಿಲ್ಲ ಎಂದರೆ ಸ್ವಲ್ಪ ಹೆಚ್ಚಾಗಬಹುದು, ಆದರೆ ಬಾಯಮ್ಮ ಸ್ವತಃ ಹಾಗೆಯೇ ಹೇಳಿಕೊಳ್ಳುತ್ತಿದ್ದರು.

"ನನ್ನ ಹೊಲಿಗೆ ಬಿಚ್ಚಿದ್ದು ಉಂಟು, ಸುಳ್ಳು ಹೇಳುವುದಿಲ್ಲ. ಬಣ್ಣ ಬಿಟ್ಟದ್ದು ಮಾತ್ರ ಇಲ್ಲ."

ಅದಕ್ಕೆ ಕಾರಣ ಅವರ ಮೂರು ನೀರು. ಹೊಸದೋ ಅನುಮಾನದ್ದೋ ಬಟ್ಟೆ ಬಂದರೆ ಅದನ್ನು ನೀರಿನಲ್ಲಿ ಅದ್ದಿ, ಒಂದು ಬಿಳಿ ಬಟ್ಟೆಯ ಮಡಿಕೆಯೊಳಗೆ ಇಟ್ಟು, ಮೇಲೆ ಅರೆಯುವ ಗುಂಡುಕಲ್ಲು ಹೇರಬೇಕು. ಸ್ವಲ್ಪ ಹೊತ್ತು ಬಿಟ್ಟು ತೆಗೆದು ಬಿಳಿಯನ್ನು ನೋಡಬೇಕು. ಹೀಗೆ ಮೂರು ಸಲ, ಮೂರು ಸಲವೂ ಹೊಸ ನೀರು. ಮೂರನೆಯ ನೀರಿಗೂ ಬಿಳಿಯಲ್ಲಿ ಗುರುತು ಬಿದ್ದರೆ ಆ ಬಟ್ಟೆ ನೆಲ ಒರೆಸಲಿಕ್ಕೆ.

"ಬಟ್ಟೆಯ ಹತ್ತಿರ ಒಂದು ಸಲ ಕೇಳಿದರೆ ಸುಳ್ಳು ಹೇಳ್ತದೆ ಮಾರಾಯ್ತಿ. ಮೂರು ಸಲ ಕೇಳಬೇಕು" ಎನ್ನುವರು.

ನೀರು ಎಲ್ಲಿಯದಾದರೂ ಆಗುತ್ತಿರಲಿಲ್ಲ. ಹೆದ್ದಾರಿ ದಾಟಿ, ಗುಡ್ಡೆ ಹತ್ತಿ, ಅಲ್ಲಿಯ ಶಾಲೆಯ ಬಾವಿಯಿಂದ ಸೇದಿ ತರಬೇಕು. ಯಾಕೆ ಎಂದು ನಾನು ಕೇಳಿದ್ದೆ. "ಹೇಳಿದಷ್ಟು ಮಾಡು. ಯಾಕೆ ಅಂತ ನಿನ್ನ ಕಾಲೇಜಿನಲ್ಲಿ ಕೇಳು" ಎಂದಿದ್ದರು. ನಾನು ಆಗ ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿ ಬಿದ್ದುಕೊಂಡಿದ್ದೆ. ಬಾಯಮ್ಮನ ಮೊಣಕಾಲು ಗುಡ್ಡೆ ಹತ್ತುವುದಕ್ಕೆ ಒಪ್ಪುತ್ತಿರಲಿಲ್ಲ. ಹಾಗಾಗಿ ನಮ್ಮ ಗೋದಡಿಯ ನೀರಿನ ಕೆಲಸವನ್ನು ಅಮ್ಮ ನನ್ನ ತಲೆಗೆ ಕಟ್ಟಿದರು.

ನೆರೆಕರೆಯಿಂದ ಬಂದ ತುಂಡುಗಳೆಲ್ಲ ಹತ್ತಾರು ವರ್ಷ ಒಗೆಸಿಕೊಂಡು ಬಣ್ಣವೆಲ್ಲ ಬಿಟ್ಟು ಸುಸ್ತಾದವು, ಅವನ್ನು ಪರೀಕ್ಷಿಸುವ ಪ್ರಶ್ನೆಯೇ ಇರಲಿಲ್ಲ. ಒಂದನ್ನು ಬಿಟ್ಟು. ಪಕ್ಕದ ಮನೆಯ ಐಸಮ್ಮ ಹೊಚ್ಚಹೊಸ ಕೆಂಪು ಬಟ್ಟೆ ಹಿಡಿದು ಬಂದಿದ್ದರು. ಅವರ ಗಂಡ ಗಲ್ಫಿನಿಂದ ತಂದದ್ದು, ದಾಳಿಂಬೆ ಬೀಜದ ಕೆಂಪು.

"ಹಳೆಯದು ಸಾಕಿತ್ತು ಐಸಮ್ಮ. ಹಳೆಯದೇ ಆಗಬೇಕು ಇದಕ್ಕೆ" ಎಂದರು ಅಮ್ಮ.

"ಮಗುವಿಗೆ ಹಳೆಯದು ಕೊಡ್ಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ ಅಕ್ಕಾ. ನಮ್ಮ ಮನೆಯದ್ದೂ ಒಂದು ಚಂದದ್ದು ಇರಲಿ" ಎಂದರು ಐಸಮ್ಮ.

ಬೇಡ ಎಂದು ಹೇಳುವುದು ಹೇಗೆ? ಬಾಯಮ್ಮ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಚಂದ ಉಂಟು. ಚಂದ ಇರುವುದೇ ಹೆದರಿಕೆ. ಮೂರು ನೀರು ಸರಿಯಾಗಿ ನೋಡು" ಎಂದು ನನ್ನ ಕೈಗೆ ಕೊಟ್ಟರು.

ಏಪ್ರಿಲ್ ತಿಂಗಳ ಮಧ್ಯಾಹ್ನ. ಹೆದ್ದಾರಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅದೂ ಸಹಿಸಿಕೊಳ್ಳಬಹುದಿತ್ತು, ಆದರೆ ಎದುರು ಮನೆಯ ಟೀಚರು ಓದಲು ಕೊಟ್ಟ ವಾರಪತ್ರಿಕೆಯನ್ನು ಸಂಜೆಗೆ ಹಿಂತಿರುಗಿಸಬೇಕಿತ್ತು. ಅದರಲ್ಲಿ ಬರುತ್ತಿದ್ದ ಧಾರಾವಾಹಿಯ ನಾಯಕಿ ಹಿಂದಿನ ವಾರ ಮೆಟ್ಟಿಲಿನಿಂದ ಬಿದ್ದಿದ್ದಳು. ಬದುಕಿದಳೋ ಸತ್ತಳೋ ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ. ಇವತ್ತು ಆ ನಾಯಕಿಯ ಹೆಸರು ಕೂಡ ನನಗೆ ನೆನಪಿಲ್ಲ. ಅವಳಿಗಾಗಿ ನಾನು ಕೊಡಪಾನ ಹಿಡಿದು ಗುಡ್ಡೆಯ ಕಡೆ ಹೊರಟವಳು ತೆಂಗಿನಮರಗಳ ಹಿಂದಿನಿಂದ ತಿರುಗಿ ಬಂದು ನಮ್ಮದೇ ಬಾವಿಯಿಂದ ನೀರು ಸೇದಿದೆ. ನೀರಿಗೆ ಎಂತ ಜಾತಿ, ಎಂದುಕೊಂಡೆ. ಮೂರು ನೀರೂ ನಮ್ಮ ಬಾವಿಯದ್ದೇ. ಕಲ್ಲು ಹೇರುವುದು, ಓದುವುದು, ಕಲ್ಲು ತೆಗೆಯುವುದು. ಮೂರು ಸಲವೂ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಿತು. ನಾಯಕಿಯೂ ಬದುಕಿದಳು.

ಸಂಜೆ ಬಾಯಮ್ಮ ಆ ಬಿಳಿ ಬಟ್ಟೆಯನ್ನು ಕಿಟಕಿಗೆ ಹಿಡಿದು ಎರಡೂ ಮಗ್ಗುಲು ತಿರುಗಿಸಿ ನೋಡಿದರು.

"ಶಾಲೆಯ ಬಾವಿದ್ದೇ ಅಲ್ವಾ ನೀರು?"

"ಹೌದು ಬಾಯಮ್ಮ."

"ಮೂರೂ?"

"ಮೂರೂ. ಅಲ್ಲಿ ಹಗ್ಗ ತುಂಡಾಗಿತ್ತು. ಗಂಟು ಹಾಕಿ ಸೇದಿದೆ."

ಹಗ್ಗದ ಮಾತು ಯಾರೂ ಕೇಳಿರಲಿಲ್ಲ. ಸುಳ್ಳು ಹೇಳುವವರಿಗೆ ಅದರ ಮೇಲೊಂದು ಒಗ್ಗರಣೆ ಹಾಕದಿದ್ದರೆ ಸಮಾಧಾನವಿಲ್ಲ ನೋಡಿ.

ಗೋದಡಿ ಹನ್ನೆರಡು ದಿನದಲ್ಲಿ ಮುಗಿಯಿತು. ನಡುವೆ ಅಪ್ಪನ ಬಿಳಿ ಮುಂಡು, ಅದರ ಸುತ್ತ ಐಸಮ್ಮನ ಕೆಂಪು, ಅಂಚಿಗೆ ಅಮ್ಮನದೂ ಉಳಿದವರದೂ ಮಾಸಿದ ಹಸಿರು, ನೀಲಿ. ಕೆಂಪಿನ ಸಾಲು ಮುಗಿಸಿ ನೂಲು ಕಡಿಯುವಾಗ ಬಾಯಮ್ಮ ಸೆರಗಿನಿಂದ ತುಟಿ ಒರೆಸಿಕೊಂಡು, "ಎಂತ ಸೆಕೆ ಸಾಯ್ಬಾ ದೇವರೇ, ಬೆವರೆಲ್ಲ ತುಟಿಗೇ ಇಳೀತದೆ" ಎಂದದ್ದು ನನಗೆ ಇನ್ನೂ ನೆನಪಿದೆ. ನಾನು ಬೀಸಣಿಗೆ ತಂದುಕೊಟ್ಟು ಒಳ್ಳೆಯ ಹುಡುಗಿ ಅನ್ನಿಸಿಕೊಂಡೆ.

ಮೇ ತಿಂಗಳಲ್ಲಿ ಅಕ್ಕ ಮಗುವನ್ನೂ ತೊಟ್ಟಿಲನ್ನೂ ಗೋದಡಿಯನ್ನೂ ಕಟ್ಟಿಕೊಂಡು, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದಳು. ಎರಡು ವಾರಕ್ಕೆ ಅವಳ ಇನ್‌ಲ್ಯಾಂಡ್ ಪತ್ರ ಬಂತು. ಅಮ್ಮನಿಗೆ ಕನ್ನಡಕ ಇರಲಿಲ್ಲ, ಓದಿದ್ದು ನಾನೇ.

ಗೋದಡಿಯನ್ನು ಅತ್ತೆ ಮೊದಲ ಸಲ ಒಗೆದರಂತೆ, ತಮ್ಮ ಬಿಳಿ ಸೀರೆಯ ಜೊತೆ ಒಂದೇ ಬಾನಿಯಲ್ಲಿ. ಸೀರೆ ಗುಲಾಬಿಯಾಯಿತು. ಅಪ್ಪನ ಮುಂಡು ಪೂರ್ತಿ ಗುಲಾಬಿಯಾಯಿತು. ಅಷ್ಟಕ್ಕೆ ಮುಗಿಯಲಿಲ್ಲ. ಒಳಗಿನ್ನೂ ಹಸಿಯಿದ್ದ ಗೋದಡಿಯ ಮೇಲೆ ಮಗುವನ್ನು ಮಲಗಿಸಿದ್ದಾರೆ. ಎತ್ತಿ ನೋಡಿದರೆ ಬೆನ್ನು, ಕುಂಡೆ, ಹಿಮ್ಮಡಿ ಎಲ್ಲ ಕೆಂಪು. ಇದು ಸರ್ಪಸುತ್ತೇ ಎಂದು ಅತ್ತೆ ತೀರ್ಮಾನಿಸಿ, ಯಾರೋ ಬಂದು ಸೊಪ್ಪು ಅರೆದು ಹಚ್ಚಿ, ಮಗು ಆ ಉರಿಗೆ ಅತ್ತು, ಅತ್ತದ್ದಕ್ಕೆ ಇವರು ಇನ್ನಷ್ಟು ಹೆದರಿ, ಕೊನೆಗೆ ಪೇಟೆಯ ಡಾಕ್ಟರ ಹತ್ತಿರ ಓಡಿದ್ದಾರೆ. ಡಾಕ್ಟರು ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಒರೆಸಿದರಂತೆ. ರೋಗ ಹತ್ತಿಗೆ ಬಂತು. "ಇದಕ್ಕೆ ನನ್ನ ಹತ್ತಿರ ಯಾಕೆ ಬಂದ್ರಿ, ಅಗಸರ ಹತ್ತಿರ ಹೋಗಿ" ಎಂದರಂತೆ ಅವರು. ಕಾಂಪೌಂಡರ್ ಕೂಡ ನಕ್ಕನಂತೆ. ಅತ್ತೆಗೆ ಆದ ಅವಮಾನ ಅಷ್ಟಿಷ್ಟಲ್ಲ. 'ಕಾಪುವಿನ ಬಾಯಮ್ಮನಿಗೆ ಎರಡು ಗೋದಡಿ ಹೇಳುವ ಅಂತ ಇದ್ದರು, ಇನ್ನು ಆ ಮಾತು ಬೇಡ' ಎಂದು ಅಕ್ಕ ಕೊನೆಯಲ್ಲಿ ಬರೆದಿದ್ದಳು.

ನಾನು ಓದಿ ಮುಗಿಸಿದಾಗ ಬಾಗಿಲಲ್ಲಿ ಬಾಯಮ್ಮ ನಿಂತಿದ್ದರು. ಪೋಸ್ಟ್‌ಮ್ಯಾನ್ ಬಂದದ್ದನ್ನು ಕಂಡು, ಗೋದಡಿಯ ಹೊಗಳಿಕೆ ಕೇಳಲಿಕ್ಕೆಂದೇ ಬಂದವರು. ಎಲ್ಲ ಕೇಳಿಸಿಕೊಂಡಿದ್ದರು.

"ಆ ಕೆಂಪು ಬಿಟ್ಟಿತಾ?" ಎಂದು ಮಾತ್ರ ಕೇಳಿದರು.

ಅಮ್ಮ ತಲೆಯಾಡಿಸಿದರು. "ಐಸಮ್ಮನ ಹತ್ತಿರ ಯಾರೂ ಹೇಳಬೇಡಿ. ಪಾಪ, ಪ್ರೀತಿಯಿಂದ ಕೊಟ್ಟದ್ದು" ಎಂದೂ ಸೇರಿಸಿದರು.

ಬಾಯಮ್ಮ ಹೊಸ್ತಿಲ ಮೇಲೆಯೇ ಕೂತರು. "ಬಟ್ಟೆಯದ್ದು ತಪ್ಪಲ್ಲ. ಮೂರು ನೀರಿಗೂ ಗುರುತು ಬಿದ್ದಿರಬೇಕು, ನನಗೆ ಕಾಣಲಿಲ್ಲ. ಕಣ್ಣು ಹೋಯಿತು ನನ್ನದು" ಎಂದರು. ಮಾರನೆಯ ದಿನ ಉಚ್ಚಿಲದ ಒಂದು ಮನೆಗೂ ಸಂತೆಕಟ್ಟೆಯ ಒಂದು ಮನೆಗೂ, ಹೊಲಿಯಲು ಕೊಟ್ಟಿದ್ದ ಬಟ್ಟೆಯ ಗಂಟನ್ನು ಹಾಗೆಯೇ ವಾಪಸು ಕಳಿಸಿದರು. ಸೂಜಿ ನೂಲಿನ ಡಬ್ಬಿಯನ್ನು ಶಿಲುಬೆ ಇಟ್ಟ ಹಲಗೆಯ ಮೇಲೆ ಎತ್ತಿಟ್ಟರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನದೂ ಅದೇ ಅವಸ್ಥೆ. ಉಳಿದಿದ್ದ ಕೆಂಪು ತುಂಡನ್ನು ಕದ್ದು ಹಿಡಿದುಕೊಂಡು ಈ ಸಲ ನಿಜವಾಗಿ ಗುಡ್ಡೆ ಹತ್ತಿದೆ. ಶಾಲೆಯ ಬಾವಿಯ ನೀರಿನಲ್ಲಿ ಅದ್ದಿದ್ದೇ ತಡ, ಬೀಟ್‌ರೂಟ್ ಕೊಚ್ಚಿದ ಹಾಗೆ ನೀರೆಲ್ಲ ಕೆಂಪು. ಮನೆಗೆ ಬಂದು ನಮ್ಮ ಬಾವಿಯ ನೀರನ್ನು ಅಂಗೈಯಲ್ಲಿ ಹಿಡಿದು ಕುಡಿದೆ. ಉಪ್ಪು. ಬೇಸಿಗೆಯಲ್ಲಿ ಕಾಪುವಿನ ಬಾವಿಗಳು ಉಪ್ಪಾಗುತ್ತವೆ ಎನ್ನುವುದು ಹುಟ್ಟಿದ ಮಗುವಿಗೂ ಗೊತ್ತು, ಕುಡಿಯುವ ನೀರನ್ನು ನಾವು ಬೇರೆ ತರುತ್ತಿದ್ದೆವು. ಉಪ್ಪುನೀರಿನಲ್ಲಿ ಬಣ್ಣ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ, ಸಿಹಿನೀರು ಕಂಡ ಕೂಡಲೇ ಬಿಡುತ್ತದೆ ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಕಾರ್ಕಳದ್ದು ಬಂಡೆಯ ನೀರು, ಎಳನೀರಿನಷ್ಟು ಸಿಹಿ.

ಅಂದೇ ಹೋಗಿ ಹೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ನಾಳೆ ಹೇಳುವ, ನಾಡಿದ್ದು ಹೇಳುವ ಎಂದು ಹದಿನೈದು ದಿನ ದೂಡಿದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಬಾಯಮ್ಮ ಕಿಟಕಿಯ ಕೆಳಗೆ ಅದೇ ಚಾಪೆಯಲ್ಲಿ ಕೂತು ಬೀಡಿ ಕಟ್ಟುತ್ತಿರುವುದು ಕಂಡಿತು. ಬೀಡಿ ಕಟ್ಟುವುದು ನಮ್ಮಲ್ಲಿ ಅವಮಾನದ ಕೆಲಸವೇನಲ್ಲ, ಅರ್ಧ ಊರು ಅದರಿಂದಲೇ ಉಣ್ಣುತ್ತಿತ್ತು. ಆದರೆ ಆ ಬೆರಳುಗಳಲ್ಲಿ ಎಲೆ ಕಂಡು ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಅತ್ತು, ಎಲ್ಲ ಹೇಳಿದೆ. ಧಾರಾವಾಹಿಯನ್ನೂ ಬಿಡಲಿಲ್ಲ.

ಬಾಯಮ್ಮ ನನ್ನ ಕೆನ್ನೆ ಒರೆಸಿದರು. "ಒಳ್ಳೆ ಹುಡುಗಿ ನೀನು. ನನಗೆ ಬೇಜಾರಾಗಬಾರದು ಅಂತ ಹೇಳ್ತಿ" ಎಂದರು.

"ಇಲ್ಲ ಬಾಯಮ್ಮ, ದೇವರಾಣೆ. ನೀರು ನಮ್ಮ ಬಾವಿದು."

"ಆಯ್ತು, ತೋರಿಸು."

ನಾನು ಓಡಿಹೋಗಿ ನಮ್ಮ ಬಾವಿಯ ನೀರು ತಂದು, ಕೆಂಪು ತುಂಡನ್ನು ಅದ್ದಿದೆ. ನೀರು ಕೆಂಪಾಯಿತು. ಎಡೆಬಿಡದೆ ಸುರಿದ ಮಳೆಗೆ ಬಾವಿ ಕಟ್ಟೆಯವರೆಗೆ ತುಂಬಿ, ಉಪ್ಪೆಲ್ಲ ಹೋಗಿ, ಶಾಲೆಯ ಬಾವಿಯ ಹಾಗೆಯೇ ಸಿಹಿಯಾಗಿತ್ತು. ನನ್ನ ಜೀವಮಾನದಲ್ಲಿ ನಾನು ಹೇಳಿದ ಅತಿ ದೊಡ್ಡ ಸತ್ಯ ಕಣ್ಣೆದುರೇ ಸುಳ್ಳಾಗಿ ಹೋಯಿತು.

"ನೋಡು, ನಿಮ್ಮ ಬಾವಿಯ ನೀರಿಗೂ ಬಿಡ್ತದೆ" ಎಂದರು ಬಾಯಮ್ಮ.

"ಏಪ್ರಿಲಿನಲ್ಲಿ ಉಪ್ಪಿತ್ತು ಬಾಯಮ್ಮ. ಈಗ ಉಪ್ಪು ಹಾಕಿ ತೋರಿಸ್ತೇನೆ."

"ಉಪ್ಪು ಹಾಕಿದರೆ ಯಾವ ಬಣ್ಣವೂ ನಿಲ್ತದೆ ಮಾರಾಯ್ತಿ, ಅದಕ್ಕೇ ನಾನು ಸಿಹಿನೀರು ಹೇಳುವುದು. ಆವತ್ತು ನೀನು ತಂದದ್ದು ಉಪ್ಪುನೀರು ಅಂತ ಯಾರು ಹೇಳಬೇಕು? ನೀನೇ ಅಲ್ವಾ? ಸಿಹಿನೀರು ಅಂತ ಹೇಳಿದ್ದೂ ನೀನೇ." ಸಿಟ್ಟಿನಿಂದ ಹೇಳಲಿಲ್ಲ. ಒಂದು ಬೀಡಿ ಸುತ್ತಿ ನೂಲು ಬಿಗಿದರು. "ಹಗ್ಗಕ್ಕೆ ಗಂಟು ಹಾಕಿದೆ ಅಂತ ಬೇರೆ ಹೇಳಿದ್ದಿ. ಹೋಗು, ಮಳೆಯಲ್ಲಿ ನೆನೆಯಬೇಡ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬುದನ್ನು ಶಾಲೆಯಲ್ಲಿ ಎಷ್ಟೋ ಸಲ ವಿಸ್ತರಿಸಿ ಬರೆದಿದ್ದೆ, ಅಂಕವೂ ಬಂದಿತ್ತು. ಇಲ್ಲಿ ಅಡಿಕೆ ನನ್ನದು, ಹೋದ ಮಾನ ಬಾಯಮ್ಮನದು.

ಆಮೇಲಿನ ಹತ್ತು ತಿಂಗಳು ನಾನು ಉಡುಪಿಗೆ ಕಾಲೇಜಿಗೆ ಹೋದೆ. ಬಸ್ಸು ಹಿಡಿಯಲಿಕ್ಕೆ ದಿನಾ ಅವರ ಅಂಗಳದ ಮುಂದೆಯೇ ಹಾಯಬೇಕು. ಅವರು ನಗುತ್ತಿದ್ದರು, ನಾನು ನಗುತ್ತಿದ್ದೆ, ಸೂಜಿಯ ಡಬ್ಬಿ ಹಲಗೆಯ ಮೇಲೆಯೇ ಇತ್ತು. ಬಣ್ಣ ಇಷ್ಟು ಬಿಟ್ಟಿತೇ ಎಂದು ಊರವರು ಕೇಳಿದರೆ, "ನನ್ನ ಕಣ್ಣು ನೋಡಿ" ಎಂದು ತಾವೇ ಹೇಳಿಕೊಂಡುಬಿಡುವರು. ಸಂಕ್ರಾಂತಿ ಕಳೆದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ದಿನಾ ಬೆಳಿಗ್ಗೆ ಎದ್ದು ಬಾವಿಯ ನೀರು ಸೇದಿ ರುಚಿ ನೋಡುವುದು. ಬಾವಿ ಉಪ್ಪಾಗದಿರಲಿ ಎಂದು ಓಣಿಯ ಎಲ್ಲ ಹೆಂಗಸರೂ ಹರಕೆ ಹೊರುವ ಕಾಲದಲ್ಲಿ, ಬೇಗ ಉಪ್ಪಾಗಲಿ ದೇವರೇ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. "ಪದವಿ ಓದಿದ್ದು ಹೆಚ್ಚಾಯಿತು ಇವಳಿಗೆ" ಎಂದು ಅಮ್ಮ ಕೈಚೆಲ್ಲಿದರು.

ಏಪ್ರಿಲಿನಲ್ಲಿ ಬಾವಿ ಉಪ್ಪಾಯಿತು. ಐಸಮ್ಮನ ಹತ್ತಿರ ಹೋಗಿ, ಆ ಕೆಂಪು ಇನ್ನೊಂದು ತುಂಡು ಉಂಟಾ ಎಂದು ಕೇಳಿದೆ. "ಅಷ್ಟು ಇಷ್ಟ ಆಯ್ತಾ ನಿಮಗೆಲ್ಲ?" ಎಂದು ಖುಷಿಯಿಂದ ಕೊಟ್ಟರು. ಗುಡ್ಡೆ ಹತ್ತಿ ಒಂದು ಕೊಡಪಾನ ಸಿಹಿನೀರು ತಂದೆ, ಮನೆಯಿಂದ ಒಂದು ಕೊಡಪಾನ ಉಪ್ಪುನೀರು ತಂದೆ. ಬಾಯಮ್ಮನ ಕಿಟಕಿಯ ಕೆಳಗೆ ಎರಡು ಪಾತ್ರೆ ಇಟ್ಟು, ಎರಡರಲ್ಲೂ ಕೆಂಪು ಅದ್ದಿ, ಎರಡು ಬಿಳಿ ಬಟ್ಟೆಯಲ್ಲಿ ಮಡಿಸಿ ಕಲ್ಲು ಹೇರಿದೆ. ತೆಗೆದಾಗ ಒಂದು ಬಿಳಿಯಾಗಿತ್ತು, ಇನ್ನೊಂದು ಎಳೆ ಗುಲಾಬಿ. ನಾನು ಕುಣಿಯುವುದೊಂದೇ ಬಾಕಿ.

"ನೋಡಿ ಬಾಯಮ್ಮ!"

ಬಾಯಮ್ಮ ಎರಡನ್ನೂ ಕಿಟಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು, ತಿರುಗಿಸಿದರು.

"ಎರಡೂ ಬಿಳಿಯೇ ಅಲ್ವಾ?" ಎಂದರು.

ಅವರ ಕಣ್ಣು ನಿಜವಾಗಿಯೂ ಹೋಗಿತ್ತು. ನಾನು ಹತ್ತು ತಿಂಗಳು ಕಾದು ತಂದ ಸಾಕ್ಷಿ ಅವರಿಗೆ ಕಾಣುವುದಿಲ್ಲ. ಕಾಣದಿರುವುದೇ, ಕಳೆದ ವರ್ಷವೂ ಕಂಡಿರಲಿಲ್ಲ ಎನ್ನುವುದಕ್ಕೆ ಇನ್ನೊಂದು ಸಾಕ್ಷಿಯಾಯಿತು. ಹೌದು, ಎರಡೂ ಬಿಳಿ ಎಂದು ಹೇಳಿ ಎದ್ದು ಹೋಗೋಣ ಅನ್ನಿಸಿತು. "ಒಂದು ಗುಲಾಬಿ ಬಾಯಮ್ಮ" ಎಂದೆ.

ಅವರು ನಮ್ಮ ಬಾವಿಯ ನೀರಿನಲ್ಲಿ ಅದ್ದಿದ್ದ ಕೆಂಪು ತುಂಡನ್ನು ಹಿಂಡಿ, ಅಭ್ಯಾಸದಿಂದಲೋ ಏನೋ, ನೂಲು ಕಡಿಯುವವರ ಹಾಗೆ ಹಲ್ಲಿಗೆ ತಂದರು. ತುಟಿಗೆ ತಾಗಿದ್ದೇ ಕೈ ನಿಂತಿತು. ಮತ್ತೊಮ್ಮೆ ತಾಗಿಸಿದರು.

"ಬೆವರು ಅಂತ ತಿಳಿದೆ" ಎಂದರು.

ನನಗೆ ತಿಳಿಯಲಿಲ್ಲ.

"ಕಳೆದ ವರ್ಷ. ಈ ಕೆಂಪಿನ ಸಾಲಿನಲ್ಲಿ ಮಾತ್ರ ನೂಲು ಕಡಿಯುವಾಗ ಉಪ್ಪಾಗ್ತಿತ್ತು. ಬಿಳಿಯಲ್ಲಿ ಇಲ್ಲ, ಹಸಿರಿನಲ್ಲಿ ಇಲ್ಲ. ಸೆಕೆ ಅಂತ ತಿಳಿದೆ." ಬಟ್ಟೆಯನ್ನು ತೊಡೆಯ ಮೇಲಿಟ್ಟು ನನ್ನ ಕಡೆ ನೋಡಿದರು. "ಹಾಗಾದರೆ ಕಳೆದ ವರ್ಷ ನನ್ನ ಕಣ್ಣು ಸರಿ ಇತ್ತು."

"ಸರಿ ಇತ್ತು ಬಾಯಮ್ಮ."

ಬೈಗುಳ ಆಮೇಲೆ ಬಂತು. ಕೊಂಕಣಿಯಲ್ಲಿ ಬಂದದ್ದರಿಂದ ಅರ್ಧ ತಿಳಿಯಲಿಲ್ಲ, ತಿಳಿದ ಅರ್ಧವನ್ನು ಇಲ್ಲಿ ಬರೆಯುವ ಹಾಗಿಲ್ಲ. ಹತ್ತು ತಿಂಗಳಿನಿಂದ ನಾನು ಕಾದಿದ್ದು ಅದಕ್ಕೇ ಇರಬೇಕು, ಅಷ್ಟು ಹಾಯೆನಿಸಿತು. ಮುಗಿಸಿ ಉಸಿರು ತೆಗೆದುಕೊಂಡು ಹಲಗೆಯ ಮೇಲಿನ ಡಬ್ಬಿ ಇಳಿಸಲು ಹೇಳಿದರು.

"ಹೊಲಿಯಲಿಕ್ಕೆ ನನಗೆ ಬೆರಳು ಸಾಕು. ಮೂರು ನೀರು ಮಾತ್ರ ಇನ್ನು ನೀನು ನೋಡಬೇಕು. ನೀನು ಬಿಳಿ ಅಂದರೆ ಬಿಳಿ."

"ನಾನಾ? ನನ್ನನ್ನು ನಂಬ್ತೀರಾ?"

"ಮತ್ತೆ ಯಾರನ್ನು ನಂಬುವುದು? ಬೇರೆಯವರು ಇನ್ನೂ ಸಿಕ್ಕಿಬಿದ್ದಿಲ್ಲ."

ಉಡುಪಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ನಾನೇ. ಪೊರೆ ಇನ್ನೂ ಬಲಿತಿಲ್ಲ, ಬಲಿತ ಮೇಲೆ ತೆಗೆಯುವ ಎಂದರು. ಆಗ ಹಾಗೆಯೇ, ಗೊನೆ ಬಲಿಯಲಿ ಎಂದು ಕಾಯುವ ಹಾಗೆ ಕಾಯಿಸುತ್ತಿದ್ದರು. ಎರಡು ವರ್ಷ ಬಾಯಮ್ಮ ಹೊಲಿದರು, ನಾನು ಗುಡ್ಡೆ ಹತ್ತಿ ನೀರು ತಂದೆ, ಬಿಳಿಯನ್ನು ಬಿಳಿ ಎಂದೆ, ಗುಲಾಬಿಯನ್ನು ಗುಲಾಬಿ ಎಂದೆ. ಉಚ್ಚಿಲದವರೂ ಸಂತೆಕಟ್ಟೆಯವರೂ ಗಂಟು ಹಿಡಿದು ತಿರುಗಿ ಬಂದರು. ಪೊರೆ ತೆಗೆಸಿ ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂದ ದಿನ ಅವರು ಮೊದಲು ನೋಡಿದ್ದು, ನಾನು ಪಕ್ಕದಲ್ಲಿ ಕೂತು ಹೊಲಿದು ಕಲಿತಿದ್ದ ಒಂದು ತುಂಡನ್ನು. "ಇದರ ಹೊಲಿಗೆಯೊಳಗೆ ಹಂದಿ ನುಗ್ಗಬಹುದು" ಎಂದರು.

ಇಷ್ಟೇ ಆಗಿದ್ದರೆ ಸುಮಳ ಗಾದೆಗೆ ನಾನು ನಗಬಹುದಿತ್ತು. ಡಬ್ಬಿ ಇಳಿಸಿದ ದಿನವೇ ಬಾಯಮ್ಮ ಇನ್ನೊಂದು ಮಾತು ಹೇಳಿದ್ದರು. "ಕಾರ್ಕಳಕ್ಕೆ ಒಂದು ಪತ್ರ ಬರೆ. ನನ್ನ ಗೋದಡಿ ಬಣ್ಣ ಬಿಡುವುದಿಲ್ಲ ಅಂತ ಅವರಿಗೂ ಗೊತ್ತಾಗಲಿ." ಬರೆಯುತ್ತೇನೆ ಎಂದೆ. ಇನ್‌ಲ್ಯಾಂಡ್ ತಂದು ವಿಳಾಸವನ್ನೂ ಬರೆದೆ. ನಿನ್ನ ತಂಗಿಯದೇ ಕೆಲಸವಾ ಎಂದು ಅತ್ತೆ ಅಕ್ಕನನ್ನು ಹಿಡಿದುಕೊಂಡರೆ ಎಂದು ಹೆದರಿದೆ. ಅಕ್ಕನಿಗಾಗಿ ಎಂದುಕೊಂಡೆ, ನಿಜ ಹೇಳಬೇಕೆಂದರೆ ನನಗಾಗಿ. ಒಂದು ತಿಂಗಳಾದ ಮೇಲೆ ಬಾಯಮ್ಮ ಕೇಳಿದರು, "ಬರೆದಿಯಾ?"

"ಬರೆದೆ" ಎಂದೆ. ಈ ಸಲ ಒಗ್ಗರಣೆ ಹಾಕಲಿಲ್ಲ. ಅದಕ್ಕೇ ಇರಬೇಕು, ಅವರು ನಂಬಿದರು.

ಎಂಬತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಹೋದರು. ಕಾರ್ಕಳದಲ್ಲಿ ತಮ್ಮ ಹೆಸರು ಸರಿಯಾಗಿದೆ ಎಂದು ತಿಳಿದುಕೊಂಡೇ ಹೋದರು. ಅಲ್ಲಿ ಆ ಹೆಸರಿನಲ್ಲಿ ಇನ್ನೂ ಕೊಡೆ ಸೋರುತ್ತಿದೆ, ಮಿಕ್ಸಿ ಕೆಡುತ್ತಿದೆ.

ಇಷ್ಟನ್ನೂ ನಾನು ಇವತ್ತು ಬೆಳಿಗ್ಗೆ ಸುಮಳಿಗೆ ಹೇಳಿದೆ. ನಿಮಗೆ ಹೇಳಿದಷ್ಟು ನೇರವಾಗಿ ಅಲ್ಲ, ನಡುನಡುವೆ ಕುಕ್ಕರ್ ಕೂಗಿತು. ಅವಳು ಹಸಿ ಕೈಯಲ್ಲಿ ಬಚ್ಚಲಿನ ಬಾಗಿಲಲ್ಲೇ ನಿಂತು ಕೇಳಿದಳು. ಕಪ್ಪು ಕನ್ನಡಕದಿಂದ ನನಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಆಮೇಲೆ ಒಳಗೆ ಹೋಗಿ, ಮೊಬೈಲಿನಲ್ಲಿ ಹೇಳಿದಂತೆ ಕೆಂಪು ಬಟ್ಟೆಯ ಕೆಳಗೆ ಮಡಚಿಟ್ಟಿದ್ದ ಬಿಳಿಯನ್ನು ತಂದಳು.

"ನನಗೆ ಕಾಣುವುದಿಲ್ಲ ಮಗಾ. ನೀನೇ ನೋಡಿ ಹೇಳು."

ಬಾಲ್ಕನಿಗೆ ಹೋಗಿ ನೋಡಿ ಬಂದಳು. "ಸ್ವಲ್ಪ ಉಂಟು ಚಿಕ್ಕಮ್ಮ. ತುಂಬಾ ಸ್ವಲ್ಪ. ನೀವು ಈ ಕತೆ ಹೇಳದಿದ್ರೆ ನಾನು ಇಲ್ಲ ಅಂತಿದ್ದೆ."

"ಹಾಗಾದರೆ ಆ ನೀರು ಚೆಲ್ಲು, ಎರಡನೆಯದು ಇಡು" ಎಂದೆ.

ನೀರು ಚೆಲ್ಲುವ ಸದ್ದು ಕೇಳಿತು, ನಲ್ಲಿ ಬಿಟ್ಟ ಸದ್ದು ಕೇಳಿತು. ಅವಳು ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು.

"ಅಮ್ಮನಿಗೆ ನಾನು ಹೇಳಲಾ, ನೀವೇ ಹೇಳ್ತೀರಾ?"

"ಫೋನು ಕೊಡು" ಎಂದೆ.

ಎರಡು ರಿಂಗಿಗೇ ಅಕ್ಕ ಎತ್ತಿಕೊಂಡಳು. ಕಾರ್ಕಳದಲ್ಲಿ ಈ ಹೊತ್ತಿಗೆ ಅವಳಿಗೆ ಬೇರೆ ಕೆಲಸವಿಲ್ಲ.

"ಎಂತ, ಕಣ್ಣು ಹೇಗುಂಟು?" ಎಂದು ಕೇಳಿದಳು.

"ಕಣ್ಣು ಸರಿ ಉಂಟು ಅಕ್ಕಾ" ಎಂದೆ. "ನಿನಗೆ ಒಂದು ಪತ್ರ ಬರೆಯಲಿಕ್ಕೆ ಬಾಕಿ ಇತ್ತು."